ಹೊಸ ಟ್ರಾನ್ಸಿಸ್ಟರ್ ಹಾಕಿದರೂ ಪುನಃ ಸುಡುವುದೇಕೆ? ಫುಲ್ ಬ್ರಿಡ್ಜ್ ಇನ್ವರ್ಟರ್ ರಿಪೇರಿಗೆ ಕ್ಯೋಟೋದ ಪಾಠ

ವೆಲ್ಡಿಂಗ್ ಮೆಷಿನ್, ಯುಪಿಎಸ್, ಸೋಲಾರ್ ಇನ್ವರ್ಟರ್, ಲಿಫ್ಟ್ ಮತ್ತು ಪಂಪುಗಳ ಡ್ರೈವ್. ಗಲ್ಫ್ ದೇಶಗಳಲ್ಲಿ ಮೆಂಟೆನೆನ್ಸ್ ಕೆಲಸದಲ್ಲಿರುವ ನಮ್ಮವರು ದಿನಾ ಮುಟ್ಟುವ ಈ ಯಂತ್ರಗಳ ಹೊಟ್ಟೆಯಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಬಗೆಯ ಸರ್ಕ್ಯೂಟ್: ಇನ್ವರ್ಟರ್ ಬ್ರಿಡ್ಜ್. ಇದು ಕೈಕೊಟ್ಟಾಗ ಸುಟ್ಟು ಹೋಗುವುದು ಅದರ ಪವರ್ ಟ್ರಾನ್ಸಿಸ್ಟರ್‌ಗಳು. "ಮೊನ್ನೆ ಹಾಕಿದ ಪೀಸ್, ಇವತ್ತು ಪುನಃ ಢಂ" ಎನ್ನುವ ಮಾತು ಯಾವ ವರ್ಕ್‌ಶಾಪ್‌ಗೂ ಹೊಸತಲ್ಲ. ಪೀಸ್‌ನ ದುಡ್ಡು ಹೋಗುತ್ತದೆ, ಫೋರ್‌ಮ್ಯಾನ್ ಎದುರು ಹೆಸರು ಕೆಡುತ್ತದೆ, ಅವಸರದಲ್ಲಿ ಕೈ ಇಟ್ಟರೆ ಜೀವಕ್ಕೇ ಅಪಾಯ.

ಇದಕ್ಕೆಲ್ಲ ಮೂಲ ಒಂದೇ ತಪ್ಪು ತಿಳಿವಳಿಕೆ. ಸುಟ್ಟ ಟ್ರಾನ್ಸಿಸ್ಟರ್ ಹೆಚ್ಚಿನ ಸಲ ಅಪರಾಧಿಯಲ್ಲ, ಸಾಕ್ಷಿ. ಅದನ್ನು ಸುಟ್ಟದ್ದು ಬೇರೆ ಏನೋ. ಆ ಬೇರೆಯದನ್ನು ಹುಡುಕದೆ ಹೊಸ ಪೀಸ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಕ್ಯೋಟೋ ಎಲ್ಲಿಂದ ಬಂತು?

ಜಪಾನಿನ ಕ್ಯೋಟೋ ಎಂದರೆ ಹೆಚ್ಚಿನವರಿಗೆ ಹಳೆಯ ದೇವಾಲಯಗಳ ಊರು. ಆದರೆ ಪವರ್ ಎಲೆಕ್ಟ್ರಾನಿಕ್ಸ್ ಕೆಲಸದವರಿಗೆ ಅದು ಇನ್ನೊಂದು ಕಾರಣಕ್ಕೆ ಮುಖ್ಯ. ಕ್ಯೋಟೋ ವಿಶ್ವವಿದ್ಯಾಲಯದ ಪ್ರೊಫೆಸರ್ ಹಿರೋಯುಕಿ ಮತ್ಸುನಾಮಿ ದಶಕಗಳ ಕಾಲ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಹರಳಿನ ಮೇಲೆ ಕೆಲಸ ಮಾಡಿದರು. ಹರಳಿನ ಮೇಲ್ಮೈಯನ್ನು ಸ್ವಲ್ಪವೇ ಓರೆಯಾಗಿ ಕತ್ತರಿಸಿ, ಮೆಟ್ಟಿಲು ಮೆಟ್ಟಿಲಾಗಿ ಶುದ್ಧ ಪದರ ಬೆಳೆಸುವ ವಿಧಾನವನ್ನು ಅವರ ತಂಡ 1987ರಲ್ಲಿ ತೋರಿಸಿಕೊಟ್ಟಿತು. ಈ ಕೆಲಸಕ್ಕಾಗಿ ಅವರಿಗೆ 2023ರ ಐಇಇಇ ಎಡಿಸನ್ ಪದಕ ಸಿಕ್ಕಿತು.

ಅದೇ ಊರಿನ ಕಂಪನಿ ರೋಮ್. ಇಟಲಿಯ ರೋಮ್‌ಗೂ ಇದಕ್ಕೂ ಸಂಬಂಧವಿಲ್ಲ. ರೆಸಿಸ್ಟರ್‌ನ 'ಆರ್' ಅಕ್ಷರ ಮತ್ತು 'ಓಮ್' ಸೇರಿ ಆದ ಹೆಸರಿದು. ರೆಸಿಸ್ಟರ್ ತಯಾರಿಸುವ ಸಣ್ಣ ಉದ್ಯಮವಾಗಿ 1950ರ ದಶಕದಲ್ಲಿ ಶುರುವಾದ ಈ ಕಂಪನಿ 2010ರ ಡಿಸೆಂಬರ್‌ನಲ್ಲಿ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಮಾಮೂಲಿ ಸಿಲಿಕಾನ್‌ಗಿಂತ ಸುಮಾರು 10 ಪಟ್ಟು ಹೆಚ್ಚಿನ ವಿದ್ಯುತ್ ಒತ್ತಡದ ತೀವ್ರತೆಯನ್ನು ಈ ವಸ್ತು ತಡೆಯುತ್ತದೆ. ಹಾಗಾಗಿ ಚಿಪ್ ತೆಳ್ಳಗಿದ್ದರೂ 1200 ವೋಲ್ಟ್ ತಾಳುತ್ತದೆ, ನಷ್ಟ ಕಡಿಮೆ, ಸ್ವಿಚಿಂಗ್ ಬಹಳ ವೇಗ.

ಆ ವೇಗವೇ ರಿಪೇರಿಯವರಿಗೆ ತಲೆನೋವು. ನಿಧಾನದ ಐಜಿಬಿಟಿಯಲ್ಲಿ ಮುಚ್ಚಿಹೋಗುತ್ತಿದ್ದ ಸಣ್ಣ ತಪ್ಪುಗಳು ವೇಗದ ಪೀಸ್‌ನಲ್ಲಿ ಸ್ಫೋಟವಾಗಿ ಹೊರಗೆ ಬರುತ್ತವೆ. ಬ್ರಿಡ್ಜ್ ಜೋಡಣೆಯಲ್ಲಿ ಗೇಟ್ ವೋಲ್ಟೇಜ್ ಹೇಗೆ ವರ್ತಿಸುತ್ತದೆ ಎಂಬುದರ ಬಗ್ಗೆಯೇ ರೋಮ್ ಬೇರೆ ತಾಂತ್ರಿಕ ಟಿಪ್ಪಣಿ ಹೊರಡಿಸಿದೆ. ಸಮಸ್ಯೆ ಎಷ್ಟು ಸಾಮಾನ್ಯ ಎಂಬುದಕ್ಕೆ ಇದೇ ಸಾಕ್ಷಿ.

ನಾಲ್ಕು ಸ್ವಿಚ್‌ಗಳ ಆಟ

ಫುಲ್ ಬ್ರಿಡ್ಜ್‌ನಲ್ಲಿ ನಾಲ್ಕು ಟ್ರಾನ್ಸಿಸ್ಟರ್ ಇರುತ್ತವೆ. ಎಡಗಡೆ ಮೇಲೊಂದು ಕೆಳಗೊಂದು, ಬಲಗಡೆ ಮೇಲೊಂದು ಕೆಳಗೊಂದು. ಮೇಲಿನ ಎರಡು ಡಿಸಿ ಪ್ಲಸ್‌ಗೆ, ಕೆಳಗಿನ ಎರಡು ಮೈನಸ್‌ಗೆ. ಒಂದು ಬದಿಯ ಮೇಲೆ-ಕೆಳಗಿನ ಜೋಡಿಗೆ 'ಲೆಗ್' ಎನ್ನುತ್ತಾರೆ. ಎರಡು ಲೆಗ್‌ಗಳ ನಡುಬಿಂದುಗಳಿಗೆ ಲೋಡ್ ಕಟ್ಟಿರುತ್ತದೆ. ಎಡ ಮೇಲಿನದು ಮತ್ತು ಬಲ ಕೆಳಗಿನದು ಆನ್ ಆದರೆ ಕರೆಂಟ್ ಒಂದು ದಿಕ್ಕಿಗೆ, ಇನ್ನೊಂದು ಓರೆ ಜೋಡಿ ಆನ್ ಆದರೆ ಎದುರು ದಿಕ್ಕಿಗೆ. ಹೀಗೆ ಅದಲು ಬದಲು ಮಾಡಿ ಡಿಸಿಯನ್ನು ಎಸಿ ಮಾಡುವುದು. ತ್ರೀ ಫೇಸ್ ಡ್ರೈವ್‌ನಲ್ಲಿ ಮೂರು ಲೆಗ್, ಆರು ಟ್ರಾನ್ಸಿಸ್ಟರ್. ತತ್ವ ಅದೇ.

ನಿಯಮ ಒಂದೇ: ಒಂದೇ ಲೆಗ್‌ನ ಮೇಲಿನದು ಮತ್ತು ಕೆಳಗಿನದು ಒಟ್ಟಿಗೆ ಆನ್ ಆಗಲೇಬಾರದು. ಆದರೆ ಪ್ಲಸ್ ಮತ್ತು ಮೈನಸ್ ನೇರ ಶಾರ್ಟ್. ಇದಕ್ಕೆ 'ಶೂಟ್ ಥ್ರೂ' ಎಂದು ಹೆಸರು. ಎಷ್ಟೋ ಐಜಿಬಿಟಿಗಳು ಇಂಥ ಶಾರ್ಟನ್ನು ಸುಮಾರು 10 ಮೈಕ್ರೋಸೆಕೆಂಡ್ ಮಾತ್ರ ತಾಳುತ್ತವೆ, ಸಿಲಿಕಾನ್ ಕಾರ್ಬೈಡ್ ಪೀಸ್‌ಗಳು ಅದಕ್ಕಿಂತಲೂ ಕಡಿಮೆ. ಫ್ಯೂಸ್ ಹಾರಲು ಮಿಲಿಸೆಕೆಂಡ್‌ಗಳು ಬೇಕು. ಅಂದರೆ ಫ್ಯೂಸ್ ಇರುವುದು ಬೆಂಕಿ ಹರಡದಂತೆ ತಡೆಯಲು, ಟ್ರಾನ್ಸಿಸ್ಟರ್ ಉಳಿಸಲು ಅಲ್ಲ.

ಮೊದಲು ಜೀವ, ಆಮೇಲೆ ಮೆಷಿನ್

230 ವೋಲ್ಟ್ ಸಿಂಗಲ್ ಫೇಸ್ ರೆಕ್ಟಿಫೈ ಆದರೆ ಸುಮಾರು 325 ವೋಲ್ಟ್ ಡಿಸಿ. 400 ವೋಲ್ಟ್ ತ್ರೀ ಫೇಸ್ ಆದರೆ ಸುಮಾರು 565 ವೋಲ್ಟ್. ಇದನ್ನು ಹಿಡಿದಿಡುವುದು ದೊಡ್ಡ ಕೆಪಾಸಿಟರ್‌ಗಳು. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ 565 ವೋಲ್ಟ್‌ನಲ್ಲಿ ಸುಮಾರು 160 ಜೌಲ್ ಶಕ್ತಿ ಹಿಡಿದಿರುತ್ತದೆ. 5 ಕೆ.ಜಿ. ಕಲ್ಲು 3 ಮೀಟರ್‌ಗೂ ಸ್ವಲ್ಪ ಮೇಲಿನಿಂದ ಬಿದ್ದಷ್ಟು. ಮೇನ್ ಸ್ವಿಚ್ ಆಫ್ ಮಾಡಿದರೂ ಇದು ಅಲ್ಲೇ ಇರುತ್ತದೆ. ಡಿಸ್‌ಚಾರ್ಜ್ ರೆಸಿಸ್ಟರ್ ಓಪನ್ ಆಗಿದ್ದರೆ ಬಹಳ ಹೊತ್ತು ಹಾಗೆಯೇ ಉಳಿಯುತ್ತದೆ.

ಹಾಗಾಗಿ ಈ ಕ್ರಮ ತಪ್ಪಿಸಬಾರದು:

- ಸೈಟ್‌ನ ನಿಯಮದಂತೆ ಪರ್ಮಿಟ್ ಪಡೆದು, ಸಪ್ಲೈ ಆಫ್ ಮಾಡಿ, ಬೀಗ ಮತ್ತು ಟ್ಯಾಗ್ ಹಾಕಬೇಕು. ಬೀಗದ ಕೀ ಕೆಲಸ ಮಾಡುವವನ ಕಿಸೆಯಲ್ಲೇ ಇರಬೇಕು.
- ತಯಾರಕರು ಮುಚ್ಚಳದ ಮೇಲೆ ಬರೆದಷ್ಟು ನಿಮಿಷ ಕಾಯಬೇಕು.
- 1000 ವೋಲ್ಟ್ ರೇಟಿಂಗ್‌ನ ಮೀಟರ್‌ನಿಂದ ಡಿಸಿ ಪ್ಲಸ್-ಮೈನಸ್ ನಡುವೆ ಅಳೆಯಬೇಕು. ಮೀಟರ್ ಸರಿ ಇದೆಯೇ ಎಂದು ಮೊದಲು ಗೊತ್ತಿರುವ ಸಪ್ಲೈ ಒಂದರಲ್ಲಿ ನೋಡಿಕೊಳ್ಳಬೇಕು.
- ಚಾರ್ಜ್ ಉಳಿದಿದ್ದರೆ, ಎರಡು 230 ವೋಲ್ಟ್ 100 ವ್ಯಾಟ್‌ನ ಹಳೇ ಮಾದರಿ ಬಲ್ಬ್‌ಗಳನ್ನು ಸೀರೀಸ್ ಮಾಡಿ, ಇನ್ಸುಲೇಟೆಡ್ ಪ್ರೋಬ್‌ಗಳ ಮೂಲಕ ಇಳಿಸಬೇಕು. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ನಂದಿದ ಮೇಲೂ ಪುನಃ ಮೀಟರ್ ಇಟ್ಟು ನೋಡಬೇಕು.
- ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವುದು ಶೂರತನವಲ್ಲ. ಲೋಹ ಕರಗಿ ಕಣ್ಣಿಗೆ ಹಾರುತ್ತದೆ, ಕೆಪಾಸಿಟರ್ ಕೂಡ ಹಾಳು.

ಇಂಥ ಕೆಲಸ ಒಬ್ಬನೇ ಮಾಡುವಂಥದ್ದಲ್ಲ. ಪಕ್ಕದಲ್ಲಿ ಸಪ್ಲೈ ಆಫ್ ಮಾಡಲು ಗೊತ್ತಿರುವ ಇನ್ನೊಬ್ಬರು ಇರಬೇಕು.

ಸುಟ್ಟ ಪೀಸ್ ಏನು ಹೇಳುತ್ತದೆ?

ಸುಟ್ಟ ಟ್ರಾನ್ಸಿಸ್ಟರ್ ಕಿತ್ತು ಕಸದ ಬುಟ್ಟಿಗೆ ಹಾಕುವ ಮೊದಲು ಅದು ಯಾವ ಜಾಗದ್ದು ಎಂದು ಗುರುತು ಹಾಕಬೇಕು, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಬೇಕು. ಯಾವುದು ಸುಟ್ಟಿದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

- ಒಂದೇ ಲೆಗ್‌ನ ಮೇಲಿನದು, ಕೆಳಗಿನದು ಎರಡೂ ಹೋಗಿದ್ದರೆ: ಶೂಟ್ ಥ್ರೂ ಸಂಶಯ. ಆ ಲೆಗ್‌ನ ಗೇಟ್ ಡ್ರೈವರ್ ನೋಡಬೇಕು.
- ಓರೆಯಾಗಿ ಎದುರುಬದುರಿನ ಎರಡು ಹೋಗಿದ್ದರೆ: ಲೋಡ್ ಶಾರ್ಟ್, ಅಥವಾ ವೆಲ್ಡಿಂಗ್ ಮೆಷಿನ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಸ್ಯಾಚುರೇಶನ್.
- ನಾಲ್ಕೂ ಹೋಗಿದ್ದರೆ: ಡಿಸಿ ವೋಲ್ಟೇಜ್ ಮಿತಿ ಮೀರಿರಬಹುದು, ಅಥವಾ ಕಂಟ್ರೋಲ್ ಸಪ್ಲೈ ಕುಸಿದಿರಬಹುದು.
- ಒಂದೇ ಪೀಸ್, ಅದರ ಗೇಟ್ ಮಾತ್ರ ಶಾರ್ಟ್ ಆಗಿದ್ದರೆ: ಗೇಟ್‌ಗೆ ಹೆಚ್ಚು ವೋಲ್ಟೇಜ್ ಬಿದ್ದಿದೆ, ಅಥವಾ ಕೈಯಿಂದ ಹರಿದ ಸ್ಥಿರ ವಿದ್ಯುತ್ ಅದನ್ನು ಹಾಳು ಮಾಡಿದೆ.
- ಗಂಟೆಗಟ್ಟಲೆ ಓಡಿ, ಮಧ್ಯಾಹ್ನದ ಸೆಕೆಯಲ್ಲೇ ಸುಟ್ಟರೆ: ಫ್ಯಾನ್, ಹೀಟ್ ಸಿಂಕ್, ಪೇಸ್ಟ್.

ಇವು ಸುಳಿವುಗಳು ಮಾತ್ರ, ತೀರ್ಪು ಅಲ್ಲ. ಒಂದು ಪೀಸ್ ಸ್ಫೋಟವಾದಾಗ ಪಕ್ಕದ್ದನ್ನೂ ಡ್ರೈವರನ್ನೂ ಎಳೆದುಕೊಂಡು ಹೋಗುವುದುಂಟು.

ಸುಡಲು ನಿಜವಾದ ಕಾರಣಗಳು

1. ಡೆಡ್ ಟೈಮ್ ಸಾಲದಿರುವುದು

ಒಂದು ಪೀಸ್ ಪೂರ್ತಿ ಆಫ್ ಆದ ಮೇಲೆಯೇ ಇನ್ನೊಂದು ಆನ್ ಆಗಬೇಕು. ನಡುವಿನ ಬಿಡುವಿಗೆ ಡೆಡ್ ಟೈಮ್ ಎನ್ನುತ್ತಾರೆ. ಐಜಿಬಿಟಿ ಡ್ರೈವ್‌ಗಳಲ್ಲಿ ಇದು ಸಾಮಾನ್ಯವಾಗಿ 1ರಿಂದ 3 ಮೈಕ್ರೋಸೆಕೆಂಡ್. ಕಂಪನಿಯಲ್ಲಿ ಸರಿಯಾಗಿಯೇ ಇಟ್ಟ ಡೆಡ್ ಟೈಮ್ ವರ್ಷಗಳ ನಂತರ ಹೇಗೆ ಕಡಿಮೆಯಾಗುತ್ತದೆ? ಆಪ್ಟೋಕಪ್ಲರ್ ಹಳತಾಗಿ ನಿಧಾನವಾಗುತ್ತದೆ. ಗೇಟ್ ರೆಸಿಸ್ಟರ್‌ನ ಬೆಲೆ ಏರಿರುತ್ತದೆ. ಬೇಗ ಆಫ್ ಮಾಡಲು ಇಟ್ಟ ಸಣ್ಣ ಡಯೋಡ್ ಓಪನ್ ಆಗಿರುತ್ತದೆ. ಆಫ್ ಆಗುವುದು ತಡವಾಯಿತೆಂದರೆ ಬಿಡುವು ತಿಂದುಹೋಯಿತು ಎಂದೇ ಅರ್ಥ. ಬಿಸಿಯಾದಾಗ ಐಜಿಬಿಟಿ ಇನ್ನೂ ನಿಧಾನ. ಆದ್ದರಿಂದಲೇ ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಸುಡುವುದು.

2. ತಾನಾಗಿ ಆನ್ ಆಗುವುದು

ಇದು ವೇಗದ ಪೀಸ್‌ಗಳ ದೊಡ್ಡ ಕಾಯಿಲೆ. ಮೇಲಿನ ಟ್ರಾನ್ಸಿಸ್ಟರ್ ಆನ್ ಆದಾಗ ನಡುಬಿಂದುವಿನ ವೋಲ್ಟೇಜ್ ಏಕ್‌ದಂ ಮೇಲೇರುತ್ತದೆ. ಆಫ್ ಇರಬೇಕಾದ ಕೆಳಗಿನ ಟ್ರಾನ್ಸಿಸ್ಟರ್‌ನ ಒಳಗೆ ಡ್ರೈನ್‌ಗೂ ಗೇಟ್‌ಗೂ ನಡುವೆ ಸಣ್ಣ ಕೆಪಾಸಿಟನ್ಸ್ ಇದೆ. ಅದರ ಮೂಲಕ ಕರೆಂಟ್ ಗೇಟ್‌ಗೆ ನುಗ್ಗುತ್ತದೆ.

ಲೆಕ್ಕ ಹಾಕಿದರೆ: 500 ವೋಲ್ಟ್ 25 ನ್ಯಾನೋಸೆಕೆಂಡ್‌ನಲ್ಲಿ ಏರಿದರೆ, ನ್ಯಾನೋಸೆಕೆಂಡ್‌ಗೆ 20 ವೋಲ್ಟ್. ಆ ಕೆಪಾಸಿಟನ್ಸ್ ಬರೀ 20 ಪಿಕೋಫ್ಯಾರಡ್ ಇದ್ದರೂ 0.4 ಆಂಪಿಯರ್ ಹರಿಯುತ್ತದೆ. ಗೇಟ್ ದಾರಿಯಲ್ಲಿ 10 ಓಮ್ ಇದ್ದರೆ ಗೇಟ್‌ನಲ್ಲಿ 4 ವೋಲ್ಟ್ ಏಳುತ್ತದೆ. ಎಷ್ಟೋ ಸಿಲಿಕಾನ್ ಕಾರ್ಬೈಡ್ ಪೀಸ್‌ಗಳು ಆನ್ ಆಗತೊಡಗಲು ಅಷ್ಟೇ ಸಾಕು. ಯಾರೂ ಆನ್ ಮಾಡದೆಯೇ ಅದು ಆನ್. ಇದಕ್ಕೆ 'ಮಿಲ್ಲರ್ ಎಫೆಕ್ಟ್' ಎಂದು ಹೆಸರು.

ಮದ್ದು ಏನು? ಆಫ್ ದಾರಿಯ ರೆಸಿಸ್ಟರ್ ಕಡಿಮೆ ಇರಬೇಕು. ಡ್ರೈವರ್‌ನಿಂದ ಗೇಟ್‌ಗೆ ಹೋಗುವ ವಯರ್ ಗಿಡ್ಡ ಇರಬೇಕು, ಎರಡೂ ವಯರ್ ಒಟ್ಟಿಗೆ ಹೆಣೆದಿರಬೇಕು. ಆಫ್ ಇರುವಾಗ ಗೇಟನ್ನು ಸ್ವಲ್ಪ ಮೈನಸ್‌ಗೆ ಎಳೆಯಬೇಕು, ಅಥವಾ 'ಮಿಲ್ಲರ್ ಕ್ಲ್ಯಾಂಪ್' ಇರುವ ಡ್ರೈವರ್ ಬೇಕು. ರಿಪೇರಿಯವರು ಬೋರ್ಡ್‌ನ ಗೇಟ್ ವಯರ್ ಉದ್ದ ಮಾಡಿ ಬೇರೆ ಕಡೆ ಕೂರಿಸುವುದು, 4.7 ಓಮ್ ಸಿಗಲಿಲ್ಲ ಎಂದು 47 ಓಮ್ ಹಾಕುವುದು, ಈ ಕಾಯಿಲೆಯನ್ನು ಕೈಯಾರೆ ತಂದುಕೊಂಡ ಹಾಗೆ.

3. ಗೇಟ್ ಸಪ್ಲೈ ಕುಸಿಯುವುದು

ಐಆರ್2110ರಂಥ ಡ್ರೈವರ್ ಚಿಪ್ ಇರುವ ಬೋರ್ಡ್‌ಗಳಲ್ಲಿ ಮೇಲಿನ ಟ್ರಾನ್ಸಿಸ್ಟರ್‌ಗೆ ಸಪ್ಲೈ ಬರುವುದು ಒಂದು ಸಣ್ಣ ಬೂಟ್‌ಸ್ಟ್ರಾಪ್ ಕೆಪಾಸಿಟರ್‌ನಿಂದ. ಅದು ಒಣಗಿದರೆ ಗೇಟ್‌ಗೆ 15 ವೋಲ್ಟ್ ಬದಲು 9, 10 ವೋಲ್ಟ್ ಸಿಗುತ್ತದೆ. ಆಗ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗದೆ, ಅರ್ಧಂಬರ್ಧ ತೆರೆದು, ಬಿಸಿಯಾಗಿ ಸಾಯುತ್ತದೆ. ಪ್ರತ್ಯೇಕ ಐಸೊಲೇಟೆಡ್ ಸಪ್ಲೈ ಇರುವ ಬೋರ್ಡ್‌ಗಳಲ್ಲೂ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೇ ಮೊದಲ ಸಂಶಯ. ಇವುಗಳ ಬೆಲೆ ಪುಡಿಗಾಸು. ಟ್ರಾನ್ಸಿಸ್ಟರ್ ಬದಲಿಸುವಾಗ ಇವನ್ನೂ ಒಟ್ಟಿಗೇ ಬದಲಿಸುವುದು ಜಾಣತನ.

4. ವೋಲ್ಟೇಜ್ ಚಿಮ್ಮುವುದು

ಹರಿಯುವ ಕರೆಂಟನ್ನು ತಟ್ಟನೆ ನಿಲ್ಲಿಸಿದರೆ ವಯರ್‌ನ ಇಂಡಕ್ಟನ್ಸ್ ಸುಮ್ಮನಿರುವುದಿಲ್ಲ. 100 ಆಂಪಿಯರನ್ನು 50 ನ್ಯಾನೋಸೆಕೆಂಡ್‌ನಲ್ಲಿ ನಿಲ್ಲಿಸಿದರೆ, ಕೇವಲ 50 ನ್ಯಾನೋಹೆನ್ರಿ ಇಂಡಕ್ಟನ್ಸ್ ಇದ್ದರೂ 100 ವೋಲ್ಟ್ ಹೆಚ್ಚುವರಿ ಏಳುತ್ತದೆ. ಕೆಪಾಸಿಟರ್‌ನಿಂದ ಟ್ರಾನ್ಸಿಸ್ಟರ್‌ಗೆ ಹೋಗುವ ಬಸ್‌ಬಾರ್‌ನ ಸ್ಕ್ರೂ ಸಡಿಲಾಗಿದ್ದರೆ, ಸ್ನಬ್ಬರ್ ಕೆಪಾಸಿಟರ್ ಒಡೆದಿದ್ದರೆ ಅಥವಾ ಯಾರೋ ಕಿತ್ತು ಪುನಃ ಹಾಕದೆ ಬಿಟ್ಟಿದ್ದರೆ, ಈ ಚಿಮ್ಮುವಿಕೆ ಪೀಸ್‌ನ ಮಿತಿ ದಾಟುತ್ತದೆ. ಲಿಫ್ಟ್, ಕ್ರೇನ್‌ಗಳಲ್ಲಿ ಮೋಟಾರ್ ಬ್ರೇಕ್ ಹಾಕಿದಾಗ ಶಕ್ತಿ ವಾಪಸ್ ಡಿಸಿ ಬಸ್‌ಗೆ ಬರುತ್ತದೆ. ಬ್ರೇಕ್ ರೆಸಿಸ್ಟರ್ ಓಪನ್ ಆಗಿದ್ದರೆ ಬಸ್ ವೋಲ್ಟೇಜ್ ಏರುತ್ತಲೇ ಹೋಗುತ್ತದೆ.

5. ಟ್ರಾನ್ಸ್‌ಫಾರ್ಮರ್ ಸ್ಯಾಚುರೇಶನ್

ಎರಡು ಓರೆ ಜೋಡಿಗಳು ಸಮಾನ ಹೊತ್ತು ಆನ್ ಇರಬೇಕು. ಒಂದು ಜೋಡಿ ಸ್ವಲ್ಪವೇ ಹೆಚ್ಚು ಹೊತ್ತು ಆನ್ ಇದ್ದರೂ ಟ್ರಾನ್ಸ್‌ಫಾರ್ಮರ್ ಕೋರ್ ಮೆಲ್ಲಗೆ ಒಂದು ಕಡೆಗೆ ವಾಲುತ್ತದೆ. ಕೊನೆಗೆ ಕೋರ್ ತುಂಬಿ, ಟ್ರಾನ್ಸ್‌ಫಾರ್ಮರ್ ಬರೀ ತಂತಿಯ ಸುರುಳಿಯಂತಾಗಿ, ಕರೆಂಟ್ ಹಾರುತ್ತದೆ. ಇದನ್ನು ತಡೆಯಲು ಟ್ರಾನ್ಸ್‌ಫಾರ್ಮರ್ ಸೀರೀಸ್‌ನಲ್ಲಿ ಡಿಸಿ ತಡೆಯುವ ಕೆಪಾಸಿಟರ್ ಇಟ್ಟಿದ್ದರೆ ಅದನ್ನೂ ಪರೀಕ್ಷಿಸಬೇಕು.

ಜಪಾನಿನ ಸೆಕೆಂಡ್ ಹ್ಯಾಂಡ್ ಮೆಷಿನ್: ನೇಮ್‌ಪ್ಲೇಟ್ ಓದಿ

ಜಪಾನಿನಿಂದ ಹಳೆಯ ಯಂತ್ರಗಳು ಹೊರದೇಶಗಳಿಗೆ ಬರುವುದು ಹೊಸತಲ್ಲ. ಜಪಾನಿನಲ್ಲಿ ಮನೆಗೆ 100 ವೋಲ್ಟ್, ಕಾರ್ಖಾನೆಗೆ ಸಾಮಾನ್ಯವಾಗಿ ತ್ರೀ ಫೇಸ್ 200 ವೋಲ್ಟ್. ಕ್ಯೋಟೋ ಸೇರಿದಂತೆ ಪಶ್ಚಿಮ ಜಪಾನಿನಲ್ಲಿ 60 ಹರ್ಟ್ಜ್, ಟೋಕಿಯೋ ಕಡೆ 50 ಹರ್ಟ್ಜ್. ಗಲ್ಫ್‌ನಲ್ಲಿ ಸೌದಿ ಅರೇಬಿಯಾ 60 ಹರ್ಟ್ಜ್, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್ 50 ಹರ್ಟ್ಜ್.

200 ವೋಲ್ಟ್‌ಗೆ ಮಾಡಿದ ಮೆಷಿನ್‌ನ ಡಿಸಿ ಬಸ್ ಸುಮಾರು 283 ವೋಲ್ಟ್. ಒಳಗಿರುವ ಕೆಪಾಸಿಟರ್, ಟ್ರಾನ್ಸಿಸ್ಟರ್ ಎಲ್ಲ ಅದಕ್ಕೆ ತಕ್ಕ ಹಾಗೆ. ಅದನ್ನು 400 ವೋಲ್ಟ್ ಲೈನ್‌ಗೆ ಕಟ್ಟಿದರೆ ಬಸ್ 565ಕ್ಕೆ ಹಾರಿ ನಾಲ್ಕೂ ಪೀಸ್ ಒಟ್ಟಿಗೆ ಹೋಗುತ್ತವೆ, ಕೆಪಾಸಿಟರ್ ಕೂಡ ಸಿಡಿಯುತ್ತದೆ. ಪ್ಲಗ್ ಹೊಂದಿತು ಎಂದರೆ ವೋಲ್ಟೇಜ್ ಹೊಂದಿತು ಎಂದಲ್ಲ. ಸರಿಯಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇಂಥ ಮೆಷಿನ್‌ಗೆ ಸಪ್ಲೈ ಕೊಡಬಾರದು.

ಸಮಾನ ಪೀಸ್ ಎಂಬ ಮೋಸ

"ಅದೇ ವೋಲ್ಟೇಜ್, ಅದೇ ಆಂಪಿಯರ್, ಹಾಕಿಬಿಡು" ಎನ್ನುವುದು ಅಂಗಡಿಯವನ ಮಾತು. ಗೇಟ್‌ನ ಲೆಕ್ಕ ಅದರಲ್ಲಿ ಇಲ್ಲ. ಐಜಿಬಿಟಿಗೆ ಸಾಮಾನ್ಯವಾಗಿ ಪ್ಲಸ್ 15 ವೋಲ್ಟ್‌ನಲ್ಲಿ ಆನ್, ಮೈನಸ್ 5ರಿಂದ 8 ವೋಲ್ಟ್‌ನಲ್ಲಿ ಆಫ್. ರೋಮ್‌ನ ಮೂರನೇ ತಲೆಮಾರಿನ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳಿಗೆ ಆನ್ ಮಾಡಲು 18 ವೋಲ್ಟ್ ಬೇಕು, ಆದರೆ ಮೈನಸ್ ಕಡೆ ನಿರಂತರ ಮಿತಿ ಬರೀ 4 ವೋಲ್ಟ್. ಐಜಿಬಿಟಿ ಬೋರ್ಡ್‌ಗೆ ಇದನ್ನು ಹಾಗೆಯೇ ಹಾಕಿದರೆ ಮೈನಸ್ 8 ವೋಲ್ಟ್ ಬಿದ್ದು ಗೇಟ್ ಹಾಳಾಗುತ್ತದೆ. ಪ್ಲಸ್ ಕಡೆ ವೋಲ್ಟೇಜ್ ಸಾಲದೆ ಬಿಸಿಯೂ ಆಗುತ್ತದೆ. ಶಾರ್ಟ್ ಹಿಡಿಯುವ ಡಿಸ್ಯಾಟ್ ಪ್ರೊಟೆಕ್ಷನ್ ಐಜಿಬಿಟಿಯ ಸಮಯಕ್ಕೆ ಹೊಂದಿಸಿದ್ದರೆ ಈ ಪೀಸ್‌ಗೆ ಅದು ತಡ. ಹೊಸ ತಂತ್ರಜ್ಞಾನ ಒಳ್ಳೆಯದೇ, ಆದರೆ ಅದಕ್ಕೆ ಮಾಡಿದ ಡ್ರೈವರ್ ಜೊತೆಗೆ ಮಾತ್ರ.

ನಕಲಿ ಪೀಸ್‌ಗಳ ಕಾಟ ಬೇರೆ. ಹಳೆಯ ಪೀಸ್‌ನ ಹೆಸರು ಉಜ್ಜಿ ಹೊಸ ನಂಬರ್ ಹೊಡೆದು ಮಾರುವುದುಂಟು. ಒಂದೇ ಪ್ಯಾಕೆಟ್‌ನಲ್ಲಿ ಅಕ್ಷರ ಬೇರೆ ಬೇರೆ, ಮೇಲ್ಮೈಯಲ್ಲಿ ಉಜ್ಜಿದ ಗೀರು, ಕಾಲುಗಳಲ್ಲಿ ಹಳೆಯ ಸೋಲ್ಡರ್ ಗುರುತು ಕಂಡರೆ ಬೇಡವೇ ಬೇಡ. ಅಧಿಕೃತ ಡೀಲರ್‌ನಿಂದ ಬಿಲ್ ಸಹಿತ ತೆಗೆದುಕೊಂಡರೆ ಬೆಲೆ ಹೆಚ್ಚಾದರೂ ಎರಡನೇ ಸಲ ಸುಡುವ ಖರ್ಚು ಉಳಿಯುತ್ತದೆ. ಒಂದು ಲೆಗ್‌ನಲ್ಲಿ ಒಂದು ಸುಟ್ಟರೂ ಆ ಲೆಗ್‌ನ ಎರಡನ್ನೂ, ಆದರೆ ನಾಲ್ಕನ್ನೂ, ಒಂದೇ ಬ್ಯಾಚ್‌ನಲ್ಲಿ ಬದಲಿಸಬೇಕು. ಗೇಟ್ ರೆಸಿಸ್ಟರ್, ಝೀನರ್ ಡಯೋಡ್, ಡ್ರೈವರ್ ಐಸಿ ಕೂಡ ಜೊತೆಗೆ.

ಮೀಟರ್ ಮತ್ತು ಸ್ಕೋಪ್ ಹಿಡಿಯುವಾಗ

ಪೀಸನ್ನು ಬೋರ್ಡ್‌ನಿಂದ ಹೊರಗೆ ತೆಗೆದು ಡಯೋಡ್ ಮೋಡ್‌ನಲ್ಲಿ ನೋಡಬೇಕು. ಒಳಗೆ ಡಯೋಡ್ ಇರುವ ಐಜಿಬಿಟಿಯಲ್ಲಿ ಕೆಂಪು ಪ್ರೋಬ್ ಎಮಿಟರ್‌ಗೆ, ಕಪ್ಪು ಕಲೆಕ್ಟರ್‌ಗೆ ಇಟ್ಟರೆ ಸುಮಾರು 0.3ರಿಂದ 0.6 ವೋಲ್ಟ್ ತೋರಿಸಬೇಕು, ತಿರುಗಿಸಿ ಇಟ್ಟರೆ ಓಪನ್. ಗೇಟ್‌ನಿಂದ ಉಳಿದ ಎರಡಕ್ಕೂ ಓಪನ್. ನೋಡುವ ಮೊದಲು ಗೇಟ್ ಮತ್ತು ಎಮಿಟರ್ ಒಮ್ಮೆ ಸೇರಿಸಿ ಬಿಡಬೇಕು, ಇಲ್ಲದಿದ್ದರೆ ಗೇಟ್‌ನಲ್ಲಿ ಉಳಿದ ಚಾರ್ಜ್ ಸುಳ್ಳು ಶಾರ್ಟ್ ತೋರಿಸಬಹುದು. ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ನ ಒಳ ಡಯೋಡ್‌ಗೆ ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಕೆಲವು ಮೀಟರ್‌ಗಳು ಒಳ್ಳೆಯ ಪೀಸನ್ನೂ ಎರಡೂ ಕಡೆ ಓಪನ್ ಎಂದು ತೋರಿಸುತ್ತವೆ. ಹಾಗಂತ ಬಿಸಾಡಬಾರದು.

ಸ್ಕೋಪ್ ಬಳಸುವವರು ಗಮನಿಸಬೇಕಾದ ಮಾತು ಒಂದು. ಸ್ಕೋಪ್ ಪ್ರೋಬ್‌ನ ಕಪ್ಪು ಕ್ಲಿಪ್ ನೇರ ಅರ್ಥಿಂಗ್‌ಗೆ ಸೇರಿರುತ್ತದೆ. ಅದನ್ನು ಮೇಲಿನ ಟ್ರಾನ್ಸಿಸ್ಟರ್‌ನ ಸೋರ್ಸ್‌ಗೆ ಕಚ್ಚಿಸಿದರೆ ಬ್ರಿಡ್ಜ್ ಅರ್ಥ್‌ಗೆ ಶಾರ್ಟ್. "ಸ್ಕೋಪ್‌ನ ಅರ್ಥ್ ಪಿನ್ ಕತ್ತರಿಸಿದರೆ ಆಯ್ತು" ಎಂಬ ಸಲಹೆ ಕೇಳಬಾರದು. ಹಾಗೆ ಮಾಡಿದರೆ ಸ್ಕೋಪ್‌ನ ಲೋಹದ ಭಾಗಗಳಿಗೇ 500 ವೋಲ್ಟ್ ಬರುತ್ತದೆ. ಹೈ ವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬ್ ಇದ್ದರೆ ಮಾತ್ರ ಲೈವ್ ಬ್ರಿಡ್ಜ್‌ನಲ್ಲಿ ಅಳೆಯಬೇಕು.

ಹಂತ ಹಂತವಾಗಿ ಆನ್ ಮಾಡುವುದು

ಹೊಸ ಪೀಸ್ ಹಾಕಿದ ಕೂಡಲೇ ಮೇನ್ ಆನ್ ಮಾಡುವುದೇ ಪುನಃ ಸುಡಲು ಹತ್ತಿರದ ದಾರಿ. ಅನುಭವಸ್ಥರು ಅನುಸರಿಸುವ ಕ್ರಮ ಹೀಗೆ:

1. ಪವರ್ ಪೀಸ್ ಹಾಕುವ ಮೊದಲೇ, ಡಿಸಿ ಬಸ್‌ಗೆ ಸಪ್ಲೈ ಇಲ್ಲದೆ, ಕಂಟ್ರೋಲ್ ಬೋರ್ಡ್‌ಗೆ ಮಾತ್ರ ಬೆಂಚ್ ಸಪ್ಲೈ ಕೊಟ್ಟು ನಾಲ್ಕೂ ಗೇಟ್ ಸಿಗ್ನಲ್ ನೋಡುವುದು. ಎತ್ತರ ಸಮಾನವೇ? ಆಫ್ ಇರುವಾಗ ಸರಿಯಾಗಿ ಕೆಳಗಿಳಿಯುತ್ತದೆಯೇ? ಬೂಟ್‌ಸ್ಟ್ರಾಪ್ ಇರುವ ಬೋರ್ಡ್‌ನಲ್ಲಿ ಮೇಲಿನ ಸಿಗ್ನಲ್ ನೋಡಲು ಆ ಲೆಗ್‌ನ ನಡುಬಿಂದುವನ್ನು ತಾತ್ಕಾಲಿಕವಾಗಿ ಡಿಸಿ ಮೈನಸ್‌ಗೆ ಸೇರಿಸಬೇಕಾಗುತ್ತದೆ. ಆಮೇಲೆ ಅದನ್ನು ತೆಗೆಯಲು ಮರೆಯಬಾರದು.
2. ಒಂದೇ ಲೆಗ್‌ನ ಎರಡು ಸಿಗ್ನಲ್‌ಗಳನ್ನು ಒಟ್ಟಿಗೆ ನೋಡಿ ಡೆಡ್ ಟೈಮ್ ಅಳೆಯುವುದು.
3. ಪೀಸ್ ಹಾಕಿ, ಡಿಸಿ ಬಸ್‌ಗೆ 24ರಿಂದ 30 ವೋಲ್ಟ್, ಕರೆಂಟ್ ಮಿತಿ ಅರ್ಧ ಆಂಪಿಯರ್ ಇಟ್ಟು ಕೊಡುವುದು. ಲೋಡ್ ಇಲ್ಲದೆ ಕರೆಂಟ್ ಮಿತಿಗೆ ಹೊಡೆದರೆ ತಪ್ಪು ಇನ್ನೂ ಉಂಟು ಎಂದರ್ಥ. ಪೀಸ್ ಮಾತ್ರ ಉಳಿದಿರುತ್ತದೆ.
4. ಸಿಂಗಲ್ ಫೇಸ್ ಮೆಷಿನ್ ಆದರೆ ಮೇನ್‌ಗೆ ಸೀರೀಸ್ ಬಲ್ಬ್ ಹಾಕುವುದು. ಕೆಪಾಸಿಟರ್ ತುಂಬುವಾಗ ಬಲ್ಬ್ ಒಮ್ಮೆ ಉರಿದು ಮಂಕಾಗಬೇಕು. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್. ಈ ಹಂತದಲ್ಲಿ ಲೋಡ್ ಕೊಡಬಾರದು.
5. ಬಲ್ಬ್ ತೆಗೆದು, ಮುಚ್ಚಳ ಮುಚ್ಚಿ, ಸಣ್ಣ ಲೋಡ್‌ನಲ್ಲಿ ಅರ್ಧ ಗಂಟೆ ಓಡಿಸುವುದು. ಆಫ್ ಮಾಡಿ, ಚಾರ್ಜ್ ಇಳಿದ ಮೇಲೆ ನಾಲ್ಕೂ ಪೀಸ್‌ನ ಬಿಸಿ ಹೋಲಿಸುವುದು. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಅದರ ಡ್ರೈವರ್ ಅಥವಾ ಪೇಸ್ಟ್ ನೋಡುವುದು.
6. ಆಮೇಲೆ ಪೂರ್ತಿ ಲೋಡ್.

ಗಲ್ಫ್‌ನ ಬಿಸಿಲು, ಧೂಳು, ತೇವ

ಒಂದು ಪೀಸ್‌ನಲ್ಲಿ 40 ವ್ಯಾಟ್ ನಷ್ಟ ಎಂದಿಟ್ಟುಕೊಳ್ಳೋಣ. ಹೀಟ್ ಸಿಂಕ್ ಗಾಳಿಗಿಂತ 40 ಡಿಗ್ರಿ ಹೆಚ್ಚು, ಚಿಪ್ ಹೀಟ್ ಸಿಂಕ್‌ಗಿಂತ 40 ಡಿಗ್ರಿ ಹೆಚ್ಚು. ಗಾಳಿ 30 ಡಿಗ್ರಿ ಇದ್ದರೆ ಚಿಪ್ 110. ಗಲ್ಫ್‌ನ ಬೇಸಿಗೆಯಲ್ಲಿ ಪ್ಯಾನಲ್ ಒಳಗಿನ ಗಾಳಿ 50 ಆದರೆ ಚಿಪ್ 130. ಅದರ ಮೇಲೆ ಥರ್ಮಲ್ ಪೇಸ್ಟ್ ಒಣಗಿ, ವ್ಯಾಟ್‌ಗೆ ಒಂದು ಡಿಗ್ರಿ ಹೆಚ್ಚುವರಿ ತಡೆ ಬಂದರೆ ಇನ್ನೂ 40 ಸೇರಿ 170. ಎಷ್ಟೋ ಐಜಿಬಿಟಿಗಳ ಮಿತಿ 150 ಡಿಗ್ರಿ. ಅಂದರೆ ಊರಿನಲ್ಲಿ ನಡೆಯುವ ಅಸಡ್ಡೆ ಇಲ್ಲಿ ನಡೆಯುವುದಿಲ್ಲ. ಹಳೆಯ ಪೇಸ್ಟ್ ಪೂರ್ತಿ ಒರೆಸಿ, ತೆಳ್ಳಗೆ ಹೊಸತು ಹಚ್ಚಿ, ಸ್ಕ್ರೂಗಳನ್ನು ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ದಪ್ಪ ಹಚ್ಚಿದರೆ ಒಳ್ಳೆಯದಲ್ಲ, ತೊಂದರೆ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ. ಕಡಲ ಬದಿಯ ಸೈಟ್‌ಗಳಲ್ಲಿ ಉಪ್ಪಿನ ಧೂಳು ಬೋರ್ಡ್ ಮೇಲೆ ಕೂತು, ರಾತ್ರಿಯ ತೇವಕ್ಕೆ ಕರೆಂಟ್ ಹರಿಯುವ ದಾರಿಯಾಗುತ್ತದೆ. ಎ.ಸಿ. ಇರುವ ಪ್ಯಾನಲ್‌ನ ಬಾಗಿಲು ತೆರೆದಿಟ್ಟರೆ ತಣ್ಣಗಿನ ಬೋರ್ಡ್ ಮೇಲೆ ನೀರು ಹನಿಗಟ್ಟುತ್ತದೆ. ಫಿಲ್ಟರ್ ತೊಳೆಯುವುದು, ಫ್ಯಾನ್ ತಿರುಗುತ್ತಿದೆಯೇ ನೋಡುವುದು, ಬಾಗಿಲು ಮುಚ್ಚಿಡುವುದು. ಟ್ರಾನ್ಸಿಸ್ಟರ್ ಉಳಿಸುವ ಅರ್ಧ ಕೆಲಸ ಇಷ್ಟೇ.

ಊರಿನ ಮನೆಯವರಿಗೆ ಒಂದು ಮಾತು

ಊರಿನಲ್ಲಿ ಮಾಡಿನ ಮೇಲೆ ಸೋಲಾರ್ ಹಾಕಿಸಿದ ಮನೆಗಳಲ್ಲೂ ಇದೇ ಬ್ರಿಡ್ಜ್ ಇದೆ. ಸಾಲಾಗಿ ಜೋಡಿಸಿದ ಪ್ಯಾನಲ್‌ಗಳಿಂದ ಬರುವ ಡಿಸಿ ನೂರಾರು ವೋಲ್ಟ್ ಇರಬಹುದು. ಕೆಇಬಿ ಲೈನ್ ಆಫ್ ಆದರೂ ಬಿಸಿಲಿರುವ ತನಕ ಪ್ಯಾನಲ್ ಕಡೆಯ ಕರೆಂಟ್ ಇದ್ದೇ ಇರುತ್ತದೆ. ಇನ್ವರ್ಟರ್ ಶಬ್ದ ಮಾಡಿ ನಿಂತರೆ ಮುಚ್ಚಳ ತೆರೆಯುವುದು ಬೇಡ, ಡಿಸಿ ಐಸೊಲೇಟರ್ ಆಫ್ ಮಾಡಿ ಕಂಪನಿಯವರನ್ನು ಕರೆಸಬೇಕು. ಡಿಸಿ ಕನೆಕ್ಟರ್‌ಗಳನ್ನು ಲೋಡ್ ಇರುವಾಗ ಎಳೆದರೆ ಆರದ ಕಿಡಿ ಹತ್ತುತ್ತದೆ. ರಿಪೇರಿಯವರು ಬಂದಾಗ "ಪೀಸ್ ಯಾಕೆ ಸುಟ್ಟಿತು?" ಎಂದು ಒಂದು ಪ್ರಶ್ನೆ ಕೇಳಿ. ಅದಕ್ಕೆ ಉತ್ತರ ಇಲ್ಲದೆ ಬರೀ ಪೀಸ್ ಬದಲಿಸಿ ಹೋದರೆ ಅವರು ಪುನಃ ಬರಬೇಕಾದೀತು.

ರಿಪೋರ್ಟ್‌ನಲ್ಲಿ ಏನು ಬರೆಯಬೇಕು?

ಗಲ್ಫ್‌ನಲ್ಲಿ ದುಡಿಯುವವರಿಗೆ ಜಾಬ್ ಕಾರ್ಡ್ ಕೂಡ ಒಂದು ರಕ್ಷಣೆ. "ಟ್ರಾನ್ಸಿಸ್ಟರ್ ಬದಲಿಸಲಾಗಿದೆ" ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ, ನಾಳೆ ಸುಟ್ಟಾಗ ಹೊಣೆ ಸಹಿ ಹಾಕಿದವನ ತಲೆಗೆ. ಯಾವ ಪೀಸ್ ಸುಟ್ಟಿತ್ತು, ಡಿಸಿ ಬಸ್ ಎಷ್ಟಿತ್ತು, ಗೇಟ್ ವೋಲ್ಟೇಜ್ ಎಷ್ಟು ಬಂತು, ಡೆಡ್ ಟೈಮ್ ಎಷ್ಟು, ಯಾವ ಕಾರಣ ಸಿಕ್ಕಿತು, ಯಾವ ಬಿಡಿಭಾಗ ಎಲ್ಲಿಂದ ಬಂತು, ಇಷ್ಟನ್ನು ಫೋಟೋ ಸಹಿತ ದಾಖಲಿಸಬೇಕು. ಕಾರಣ ಸಿಗದಿದ್ದರೆ ಅದನ್ನೂ ಹಾಗೆಯೇ ಬರೆದು, ಪೂರ್ತಿ ಲೋಡ್‌ಗೆ ಕೊಡುವ ಮೊದಲು ಮೇಲಿನವರ ಒಪ್ಪಿಗೆ ಪಡೆಯಬೇಕು. ವಾರಂಟಿ ಇರುವ ಮೆಷಿನ್ ಆದರೆ ತೆರೆಯುವುದಕ್ಕೆ ಮುಂಚೆಯೇ ಲಿಖಿತ ಅನುಮತಿ ಬೇಕು. ಇದೇ ದಾಖಲೆ ಮುಂದೆ ಇನ್ನೊಂದು ಕಂಪನಿಯಲ್ಲಿ ಕೆಲಸ ಕೇಳುವಾಗ, ಪೀಸ್ ಬದಲಿಸುವವನಿಗೂ ದೋಷ ಹುಡುಕುವವನಿಗೂ ಇರುವ ವ್ಯತ್ಯಾಸವನ್ನು ತೋರಿಸಿಕೊಡುತ್ತದೆ.